ಮಗುವಿನ ತಾಳಕ್ಕೆ ಮೊದಲು ನೀವು ಕುಣಿಯಿರಿ

ಪುಟ್ಟ ಮಕ್ಕಳಿಗೆ ಮನೆಯಲ್ಲೇ, ಆಟವಾಡುತ್ತಲೇ ಸಂಗೀತ ಕಲಿಸುವ ಬಗೆ

ಮಗುವನ್ನು ಯಾವ ವಯಸ್ಸಿಗೆ ಸಂಗೀತದ ತರಗತಿಗೆ ಸೇರಿಸಬೇಕು, ಯಾವ ವಾದ್ಯ ಕೊಡಿಸಬೇಕು ಎಂದು ಕೇಳುವ ತಂದೆ ತಾಯಂದಿರು ಬಹಳ. ಅದಕ್ಕೂ ಹಿಂದಿನ ನಾಲ್ಕೈದು ವರ್ಷ ಮನೆಯಲ್ಲಿ ಏನು ನಡೆಯಬೇಕು ಎಂದು ಕೇಳುವವರು ಕಡಿಮೆ. ಮಗು ಗರ್ಭದಲ್ಲಿರುವಾಗ, ಕೊನೆಯ ಮೂರು ತಿಂಗಳಲ್ಲೇ ಹೊರಗಿನ ಸದ್ದಿಗೆ ಸ್ಪಂದಿಸುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ತಾಯಿಯ ದನಿಯನ್ನು ಬೇರೆ ಹೆಂಗಸಿನ ದನಿಗಿಂತ ಬೇರೆಯಾಗಿ ಗುರುತಿಸುತ್ತದೆ. ಕಿವಿಯ ಕಲಿಕೆ ಆಗಲೇ ಶುರುವಾಗಿರುತ್ತದೆ ಎಂದ ಮೇಲೆ, ಗುರು ಸಿಗುವ ತನಕ ಕೈಕಟ್ಟಿ ಕೂರುವುದರಲ್ಲಿ ಅರ್ಥವಿಲ್ಲ.

‘ನಮಗೇ ಹಾಡಲು ಬರುವುದಿಲ್ಲವಲ್ಲ’ ಎಂಬ ಉತ್ತರ ಎಲ್ಲರ ಬಾಯಲ್ಲೂ ಸಿದ್ಧವಾಗಿರುತ್ತದೆ. ಬಚ್ಚಲುಮನೆಯಲ್ಲಿ ಗಂಟಲು ಬಿಚ್ಚಿ ಹಾಡುವವರೂ ಇದನ್ನೇ ಹೇಳುತ್ತಾರೆ. ಎರಡು ವರ್ಷದ ಮಗು ನಿಮ್ಮ ಶ್ರುತಿಯನ್ನು ಅಳೆಯಲು ಕುಳಿತಿರುವುದಿಲ್ಲ; ನಿಮ್ಮ ಮುಖ, ಬಾಯಿಯ ಚಲನೆ, ಕೈಯ ಆಟ ಎಲ್ಲವನ್ನೂ ಒಟ್ಟಿಗೆ ನುಂಗುತ್ತಿರುತ್ತದೆ. ಧ್ವನಿಮುದ್ರಿಕೆಯ ಎಷ್ಟೇ ಇಂಪಾದ ಕಂಠವೂ ಮಗು ತಡವರಿಸಿದಾಗ ತಾನೂ ನಿಂತು ಕಾಯುವುದಿಲ್ಲ. ನೀವು ಕಾಯಬಲ್ಲಿರಿ. ಮನೆಯ ಸಂಗೀತ ಕಲಿಕೆಯಲ್ಲಿ ಹೆತ್ತವರ ಕೆಲಸದ ಮುಕ್ಕಾಲು ಪಾಲು ಇದೇ: ಮೊದಲು ಮಗು ಇರುವಲ್ಲಿಗೆ ಹೋಗಿ ಸೇರಿಕೊಳ್ಳುವುದು, ಆಮೇಲೆ ಒಂದೊಂದೇ ಹೆಜ್ಜೆ ಕರೆದುಕೊಂಡು ಹೋಗುವುದು.

ಮೊದಲ ಹೆಜ್ಜೆ: ಮಗುವಿನ ಗತಿ ಹಿಡಿಯಿರಿ

ಮಗುವಿನ ಎದುರು ನೆಲದ ಮೇಲೆ ಕುಳಿತುಕೊಳ್ಳಿ. ಇಬ್ಬರ ನಡುವೆ ಒಂದು ರಟ್ಟಿನ ಡಬ್ಬ ಬೋರಲು ಹಾಕಿ. ‘ಬಾರಿಸು’ ಎಂದು ಹೇಳುವ ಅಗತ್ಯವೂ ಇಲ್ಲ, ಡಬ್ಬ ಕಂಡರೆ ಮಗು ತಾನಾಗಿಯೇ ಬಡಿಯುತ್ತದೆ. ನೀವು ಮಾಡಬೇಕಾದದ್ದು ಒಂದೇ, ಅದರ ಬಡಿತಕ್ಕೆ ನಿಮ್ಮ ಬಡಿತವನ್ನು ಹೊಂದಿಸುವುದು.

ಇಲ್ಲಿಯೇ ದೊಡ್ಡವರು ಎಡವುತ್ತಾರೆ. ಮಗುವಿಗೆ ನಿಧಾನವಾಗಿ ಕಲಿಸಬೇಕು ಎಂಬ ಭಾವನೆಯಿಂದ ನಿಧಾನವಾದ ತಾಳ ಹಿಡಿಯುತ್ತಾರೆ. ಪುಟ್ಟ ಮಕ್ಕಳ ಸಹಜ ಗತಿ ದೊಡ್ಡವರದ್ದಕ್ಕಿಂತ ವೇಗವಾದದ್ದು. ವಯಸ್ಸು ಏರಿದಂತೆ ಅದು ನಿಧಾನವಾಗುತ್ತಾ ಬರುತ್ತದೆ. ವಿಳಂಬ ಕಾಲದ ಎರಡು ಪೆಟ್ಟುಗಳ ನಡುವಿನ ಬಿಡುವನ್ನು ಎದೆಯಲ್ಲಿ ಹಿಡಿದಿಟ್ಟುಕೊಳ್ಳುವುದು ಮೂರು ವರ್ಷದ ಮಗುವಿಗೆ ಕಷ್ಟ. ಅದು ಲಯ ತಪ್ಪುತ್ತಿದೆ ಎಂದು ನಿಮಗೆ ಅನ್ನಿಸಿದರೆ ಮೊದಲು ನಿಮ್ಮ ಗತಿಯನ್ನು ಸ್ವಲ್ಪ ಏರಿಸಿ ನೋಡಿ.

ಮಗುವಿನ ಜೊತೆ ಒಬ್ಬ ಮನುಷ್ಯ ಕುಳಿತು ಬಾರಿಸುವುದರಿಂದ ಏನು ಬದಲಾಗುತ್ತದೆ ಎಂಬುದನ್ನು ಸೆಬಾಸ್ಟಿಯನ್ ಕಿರ್ಶ್ನರ್ ಮತ್ತು ಮೈಕೆಲ್ ಟೊಮಸೆಲ್ಲೊ ಎಂಬ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪರೀಕ್ಷಿಸಿದ್ದರು. ಎರಡೂವರೆಯಿಂದ ನಾಲ್ಕೂವರೆ ವರ್ಷದ ಮಕ್ಕಳು ಒಮ್ಮೆ ಮನುಷ್ಯನೊಡನೆ, ಒಮ್ಮೆ ಡ್ರಮ್ ಬಾರಿಸುವ ಯಂತ್ರದೊಡನೆ, ಒಮ್ಮೆ ಬರೀ ಸ್ಪೀಕರಿನ ಸದ್ದಿನೊಡನೆ ತಾಳ ಹಾಕಿದರು. ಮನುಷ್ಯ ಜೊತೆಗಿದ್ದಾಗಲೇ ಮಕ್ಕಳ ಲಯ ಹೆಚ್ಚು ಕೂಡಿಬಂತು. ಹಾಗಾಗಿ ತಾಳದ ಆ್ಯಪ್ ಹಾಕಿಕೊಟ್ಟು ಪಕ್ಕದ ಕೋಣೆಗೆ ಹೋಗಬೇಡಿ.

ಗತಿ ಕೂಡಿದ ಮೇಲೆ ಆಟ ಬೆಳೆಸಬಹುದು. ನಡೆಯುತ್ತಾ ಚಪ್ಪಾಳೆ, ಓಡುತ್ತಾ ಚಪ್ಪಾಳೆ, ಆನೆಯಂತೆ ಭಾರವಾದ ಹೆಜ್ಜೆ, ಇಲಿಯಂತೆ ತುದಿಗಾಲ ಹೆಜ್ಜೆ. ಸ್ವಿಟ್ಜರ್ಲೆಂಡಿನ ಸಂಗೀತಗಾರ ಎಮಿಲ್ ಜಾಕ್-ಡಾಲ್ಕ್ರೋಜ್ ನೂರು ವರ್ಷಕ್ಕೂ ಹಿಂದೆ ತನ್ನ ಇಡೀ ಶಿಕ್ಷಣ ಪದ್ಧತಿಯನ್ನು ಕಟ್ಟಿದ್ದು ಲಯ ಮೊದಲು ಮೈಗೆ ಹತ್ತಬೇಕು, ಆಮೇಲೆ ಬೆರಳಿಗೆ ಎಂಬ ನಂಬಿಕೆಯ ಮೇಲೆ. ಇನ್ನೂ ನಡೆಯದ ಕೂಸಾದರೆ ನೀವೇ ಎತ್ತಿಕೊಂಡು ಹಾಡಿನ ಲಯಕ್ಕೆ ತೂಗಿ. ನಿಮ್ಮ ಮೈಯಿಂದಲೇ ಅದಕ್ಕೆ ತಾಳ ದಾಟುತ್ತದೆ.

ಎರಡನೆಯದು: ನಿಲ್ಲುವ ಆಟ

ನೀವು ಹಾಡುತ್ತಿರುವಷ್ಟು ಹೊತ್ತು ಮಗು ಕುಣಿಯಬೇಕು, ಹಾಡು ನಿಂತ ಕೂಡಲೇ ಶಿಲೆಯಾಗಬೇಕು. ಇದಕ್ಕೆ ಬೇಸರಪಡುವ ಮಗುವನ್ನು ನಾನು ಕಂಡಿಲ್ಲ. ಬೇಸರವಾಗುವುದು ದೊಡ್ಡವರಿಗೆ. ಈ ಆಟದಲ್ಲಿ ಮಗು ಕಲಿಯುವುದು ಮೌನವನ್ನು ಕೇಳಿಸಿಕೊಳ್ಳಲು. ತಾಳದಲ್ಲಿ ಬಿಡುವಿಗೂ ಒಂದು ಅಳತೆಯಿದೆ ಎಂಬ ತಿಳಿವಳಿಕೆ ಇಲ್ಲಿಂದಲೇ ಮೊಳೆಯುತ್ತದೆ. ಕೆಲವು ದಿನಗಳ ನಂತರ ಪಾತ್ರ ಅದಲುಬದಲಾಗಲಿ: ಮಗು ಹಾಡಲಿ, ನೀವು ಕುಣಿಯಿರಿ. ತನ್ನ ದನಿಯಿಂದ ಅಪ್ಪನನ್ನು ಒಂಟಿಕಾಲಿನಲ್ಲಿ ನಿಲ್ಲಿಸಬಹುದು ಎಂದು ತಿಳಿದ ಮಗು ಹಾಡಲು ಸಂಕೋಚಪಡುವುದು ಅಪರೂಪ.

ಇದೇ ಆಟದೊಳಗೆ ಜೋರು-ಮೆಲ್ಲಗೆ, ವೇಗ-ನಿಧಾನ ಎಂಬ ಜೋಡಿಗಳನ್ನು ಸೇರಿಸಿ. ಒಂದು ಸಲಕ್ಕೆ ಒಂದೇ ಜೋಡಿ ಸಾಕು. ಮಕ್ಕಳು ಮೆಲ್ಲಗೆ ಎಂದರೆ ನಿಧಾನ, ಎತ್ತರದ ಸ್ವರ ಎಂದರೆ ಜೋರು ಎಂದು ಕಲಸಿಕೊಳ್ಳುತ್ತಾರೆ. ಮೆಲ್ಲಗೆ ಆದರೂ ವೇಗವಾಗಿ ಬಾರಿಸುವುದನ್ನು ಆಮೇಲೆ ಒಂದು ದಿನ ಪಂಥವಾಗಿ ಒಡ್ಡಿ. ಐದು ವರ್ಷದವರಿಗೂ ಅದು ಸುಲಭವಲ್ಲ.

ಮೂರನೆಯದು: ದನಿಯನ್ನು ಹುಡುಕುವುದು

‘ನಮ್ಮ ಮಗುವಿಗೆ ಶ್ರುತಿಜ್ಞಾನವೇ ಇಲ್ಲ’ ಎಂದು ಮೂರನೇ ವರ್ಷಕ್ಕೇ ತೀರ್ಪು ಕೊಡುವವರಿದ್ದಾರೆ. ಆ ತೀರ್ಪನ್ನು ಮಗುವಿನ ಎದುರೇ ಕೊಡುವವರೂ ಇದ್ದಾರೆ, ಅದು ಇನ್ನೂ ಕೆಟ್ಟದ್ದು. ಶ್ರುತಿ ಸೇರದಿರಲು ಬಹಳ ಸಲ ಕಾರಣ ನಾವೇ. ಮೂರರಿಂದ ಐದು ವರ್ಷದ ಮಗುವಿನ ದನಿ ಆರಾಮವಾಗಿ ಓಡಾಡುವುದು ಚಿಕ್ಕ ಅಂಗಳದಲ್ಲಿ. ಕೀಬೋರ್ಡಿನಲ್ಲಿ ತೋರಿಸುವುದಾದರೆ, ನಡುವಿನ ‘ಸಿ’ ಸ್ವರದ ಪಕ್ಕದ ‘ಡಿ’ಯಿಂದ ಹಿಡಿದು ಅದರ ಮೇಲಿನ ‘ಎ’ವರೆಗೆ, ಐದು ಬಿಳಿ ಮನೆಗಳಷ್ಟು. ದೊಡ್ಡವರು ತಮಗೆ ಹಿತವಾದ ಎತ್ತರದಲ್ಲಿ ಹಾಡು ಎತ್ತಿಕೊಂಡರೆ ಅದು ಸಾಮಾನ್ಯವಾಗಿ ಇದಕ್ಕಿಂತ ಕೆಳಗೆ ಬೀಳುತ್ತದೆ. ಕೆಳಗಿನ ಸ್ವರಗಳಲ್ಲಿ ಮಗು ಹಾಡುವುದನ್ನು ಬಿಟ್ಟು ಮಾತಿನ ದನಿಯಲ್ಲಿ ಗೊಣಗತೊಡಗುತ್ತದೆ. ಗಂಡಸರ ದನಿಯಂತೂ ಒಂದು ಸ್ಥಾಯಿ (ಕೆಳಗಿನ ‘ಸ’ದಿಂದ ಮೇಲಿನ ‘ಸ’ದವರೆಗಿನ ಅಂತರ) ಕೆಳಗಿರುತ್ತದೆ. ಅದನ್ನು ಕೇಳಿ ಮೇಲಿನ ಸ್ಥಾಯಿಯಲ್ಲಿ ಹಾಡುವುದು ಕೆಲವು ಮಕ್ಕಳಿಗೆ ಹೊಳೆಯುವುದಿಲ್ಲ. ಹಾಗೆಂದು ಅಪ್ಪ ಸುಮ್ಮನಿರಬೇಕಾಗಿಲ್ಲ. ಮಗು ತಾನಾಗಿ ಗುನುಗುವ ಎತ್ತರ ಯಾವುದೆಂದು ಕೇಳಿಸಿಕೊಂಡು, ಅದೇ ಎತ್ತರವನ್ನು ಕಳ್ಳದನಿಯಲ್ಲಾದರೂ, ಅಂದರೆ ಗಂಡಸರು ಕೀರಲಾಗಿ ಎತ್ತರಿಸುವ ತೆಳು ದನಿಯಲ್ಲಾದರೂ, ಹಿಡಿದು ಶುರುಮಾಡಲಿ. ನಗು ಬಂದರೆ ಬರಲಿ.

ದನಿಗೆ ಆಟಗಳು ಹಲವು. ಗಾಳಿಯಲ್ಲಿ ಬೆರಳಿನಿಂದ ಗೆರೆ ಎಳೆಯಿರಿ; ಬೆರಳು ಏರಿದರೆ ದನಿ ಏರಬೇಕು, ಇಳಿದರೆ ಇಳಿಯಬೇಕು, ಗಿರಕಿ ಹೊಡೆದರೆ ಗಿರಕಿ. ಬೆರಳು ಮಗುವಿನದಾಗಿ ದನಿ ನಿಮ್ಮದಾದರೆ ಇನ್ನೂ ಮಜಾ. ಇದರಿಂದ ತನ್ನ ಗಂಟಲು ಎಲ್ಲಿಯವರೆಗೆ ಹೋಗಬಲ್ಲದು ಎಂದು ಮಗುವಿಗೆ ಗೊತ್ತಾಗುತ್ತದೆ.

ಇನ್ನೊಂದು, ಕರೆಯುವ ಆಟ. ಪಕ್ಕದ ಕೋಣೆಯಿಂದ ಮಗುವಿನ ಹೆಸರನ್ನು ಎರಡೇ ಸ್ವರಗಳಲ್ಲಿ, ಪಂಚಮದಿಂದ ಗಾಂಧಾರಕ್ಕೆ ಇಳಿಯುವಂತೆ ಕರೆಯಿರಿ. ಮಗು ಅದೇ ಸ್ವರಗಳಲ್ಲಿ ‘ಅ-ಮ್ಮಾ’ ಎಂದೋ ‘ಬಂ-ದೇ’ ಎಂದೋ ಉತ್ತರಿಸಲಿ. ಹಂಗೇರಿಯ ಜೋಲ್ಟಾನ್ ಕೊಡಾಯ್ ಅವರ ವಿಚಾರಗಳಿಂದ ಬೆಳೆದ ಪದ್ಧತಿಯಲ್ಲಿ ಮಕ್ಕಳ ಹಾಡುಗಾರಿಕೆ ಶುರುವಾಗುವುದು ಈ ಎರಡು ಸ್ವರಗಳ ಇಳಿಜಾರಿನಿಂದಲೇ. ಏಳು ಸ್ವರಗಳನ್ನೂ ಮೊದಲ ದಿನವೇ ಸಾಲಾಗಿ ಒಪ್ಪಿಸುವುದಕ್ಕಿಂತ ಎರಡು ಸ್ವರಗಳನ್ನು ತಿಂಗಳುಗಟ್ಟಲೆ ಆಡಿಸುವುದು ಒಳ್ಳೆಯದು ಎಂದು ನನಗೂ ಅನ್ನಿಸುತ್ತದೆ.

ಮಗು ತಪ್ಪು ಸ್ವರ ಹಿಡಿದರೆ ಏನು ಮಾಡಬೇಕು? ಏನೂ ಮಾಡಬೇಡಿ. ಮುಂದಿನ ಸರದಿಯಲ್ಲಿ ನೀವು ಸರಿಯಾಗಿ ಹಾಡಿ, ಅಷ್ಟೆ. ಆದರೆ ಒಂದು ಎಚ್ಚರಿಕೆ: ಹಿಂದಿನಿಂದ ಮೆಲ್ಲಗೆ ಕರೆದಾಗ ಮಗು ಮತ್ತೆಮತ್ತೆ ತಿರುಗದೇ ಇದ್ದರೆ, ನಿಮ್ಮ ಮುಖ ಕಾಣದಿದ್ದಾಗ ಸದ್ದಿಗೆ ಸ್ಪಂದಿಸದಿದ್ದರೆ, ಅದನ್ನು ಸಂಗೀತದ ವಿಷಯವೆಂದು ತಿಳಿಯದೆ ಕಿವಿಯ ಪರೀಕ್ಷೆ ಮಾಡಿಸಿ.

ನಾಲ್ಕನೆಯದು: ವಾದ್ಯಗಳು, ಕೊಂಡದ್ದೂ ಮಾಡಿದ್ದೂ

ಬ್ಯಾಟರಿ ಹಾಕಿದ, ಗುಂಡಿ ಒತ್ತಿದರೆ ಇಡೀ ಹಾಡನ್ನು ತಾನೇ ಹಾಡಿಬಿಡುವ ಆಟಿಕೆಗಳ ಮೇಲೆ ನನಗೆ ಪ್ರೀತಿಯಿಲ್ಲ. ಅಲ್ಲಿ ಆಡುವುದು ಆಟಿಕೆ, ಮಗು ನೋಡುತ್ತಿರುತ್ತದೆ. ಮೆಲ್ಲಗೆ ತಟ್ಟಿದರೆ ಮೆಲ್ಲಗೆ, ಜೋರಾಗಿ ತಟ್ಟಿದರೆ ಜೋರಾಗಿ ನುಡಿಯುವ ವಸ್ತು ಬೇಕು. ಪಾತ್ರೆ, ಮರದ ಸೌಟು, ಡಬ್ಬ, ಕಾಳು ತುಂಬಿದ ಬಾಟಲಿ ಇವು ಸಾಕು. ಕಾಳು, ಗುಂಡಿಗಳಂಥ ಸಣ್ಣ ವಸ್ತುಗಳು ಮೂರು ವರ್ಷದೊಳಗಿನವರ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಆದ್ದರಿಂದ ಗಿಲಕಿಯ ಮುಚ್ಚಳವನ್ನು ಅಂಟು ಹಾಕಿ ಬಿಗಿ ಮಾಡಿ, ಮೇಲೆ ಟೇಪು ಸುತ್ತಿ, ಆಮೇಲೂ ಕಣ್ಣಿಟ್ಟಿರಿ. ಗುಂಡಿಯಾಕಾರದ ಬ್ಯಾಟರಿ ಇರುವ ಆಟಿಕೆ ಮನೆಯಲ್ಲಿದ್ದರೆ ಅದರ ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇದೆಯೇ ನೋಡಿ. ನುಂಗಿದರೆ ಅದು ಕೆಲವೇ ಗಂಟೆಗಳಲ್ಲಿ ಅನ್ನನಾಳವನ್ನು ಸುಟ್ಟುಬಿಡಬಲ್ಲದು.

ನಾಲ್ಕು ವರ್ಷ ದಾಟಿದವರಿಗೆ ನೀರಿನ ಲೋಟಗಳ ಆಟ ಕೊಡಿ. ಒಂದೇ ಬಗೆಯ ನಾಲ್ಕು ಗಾಜಿನ ಲೋಟಗಳಲ್ಲಿ ಬೇರೆಬೇರೆ ಮಟ್ಟಕ್ಕೆ ನೀರು ತುಂಬಿ, ಚಮಚದಿಂದ ಮೆಲ್ಲಗೆ ತಟ್ಟಿಸಿ. ನೀರು ಹೆಚ್ಚಿದ್ದಷ್ಟೂ ಸ್ವರ ಕೆಳಗಿಳಿಯುತ್ತದೆ. ಈಗ ಕಿರಿದಾದ ಬಾಯಿಯ ಬಾಟಲಿಯಲ್ಲಿ ನೀರು ತುಂಬಿ ಬಾಯಿಯ ಅಂಚಿಗೆ ಊದಿ. ನೀರು ಹೆಚ್ಚಿದರೆ ಸ್ವರ ಮೇಲೇರುತ್ತದೆ! ತಟ್ಟಿದಾಗ ಅದುರುವುದು ಗಾಜು, ನೀರಿನ ಭಾರದಿಂದ ಅದರ ಅದುರುವಿಕೆ ನಿಧಾನವಾಗುತ್ತದೆ. ಊದಿದಾಗ ಅದುರುವುದು ಒಳಗಿನ ಗಾಳಿ, ನೀರು ಹೆಚ್ಚಿದಷ್ಟೂ ಗಾಳಿಯ ಜಾಗ ಕಿರಿದಾಗುತ್ತದೆ. ಈ ವಿವರಣೆಯನ್ನು ತಕ್ಷಣ ಕೊಡಬೇಡಿ. ‘ಏಕೆ ಹೀಗೆ?’ ಎಂದು ಮಗುವೇ ಒಂದೆರಡು ದಿನ ತಲೆ ಕೆರೆದುಕೊಳ್ಳಲಿ.

ಮನೆಯಲ್ಲಿ ಕೀಬೋರ್ಡ್ ಅಥವಾ ಹಾರ್ಮೋನಿಯಂ ಇದ್ದರೆ ಕಪ್ಪು ಮನೆಗಳನ್ನು ಮಾತ್ರ ಮಗುವಿಗೆ ಬಿಟ್ಟುಕೊಡಿ. ಒಂದು ಸ್ಥಾಯಿಗೆ ಐದೇ ಸ್ವರ, ಮೋಹನ ರಾಗದ ಅಂತರಗಳು. ಯಾವ ಕ್ರಮದಲ್ಲಿ ಒತ್ತಿದರೂ ಕಿವಿಗೆ ಕರ್ಕಶವಾಗುವುದಿಲ್ಲ, ಹಾಗಾಗಿ ‘ತಪ್ಪು’ ಎಂಬ ಮಾತಿಗೆ ಅವಕಾಶವೇ ಇರುವುದಿಲ್ಲ. ಜರ್ಮನಿಯ ಕಾರ್ಲ್ ಆರ್ಫ್ ಹಾಕಿಕೊಟ್ಟ ಮಕ್ಕಳ ಸಂಗೀತ ಪದ್ಧತಿಯಲ್ಲೂ ಇಂಥದೇ ಜಾಣತನವಿದೆ: ಅಲ್ಲಿ ಬಳಸುವ ಕ್ಸೈಲೊಫೋನಿನ (ಮರದ ಪಟ್ಟಿಗಳನ್ನು ಕೋಲಿನಿಂದ ತಟ್ಟಿ ನುಡಿಸುವ ವಾದ್ಯ) ಪಟ್ಟಿಗಳನ್ನು ಬಿಡಿಸಿ ತೆಗೆಯಬಹುದು, ಬೇಡದ ಸ್ವರಗಳನ್ನು ಶಿಕ್ಷಕರು ಎತ್ತಿಟ್ಟು ಬೇಕಾದಷ್ಟನ್ನೇ ಉಳಿಸುತ್ತಾರೆ. ನೀವು ಒಂದು ಕಪ್ಪು ಮನೆಯನ್ನು ಒಂದೇ ಸಮನೆ ತಾಳಕ್ಕೆ ಒತ್ತುತ್ತಿರಿ, ಮಗು ಉಳಿದವುಗಳ ಮೇಲೆ ತನಗೆ ತೋಚಿದ್ದನ್ನು ನುಡಿಸಲಿ. ಐದು ನಿಮಿಷದಲ್ಲಿ ಒಂದು ಕಛೇರಿ ಆಗುತ್ತದೆ.

ಸದ್ದಿನ ಪ್ರಮಾಣದ ಬಗ್ಗೆಯೂ ಗಮನವಿರಲಿ. ಹೆಡ್‌ಫೋನಿನಂಥ ಸಾಧನಗಳಲ್ಲಿ ಕೇಳುವ ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡ ಹೇಳುವ ಮಿತಿ ವಾರಕ್ಕೆ 40 ಗಂಟೆ, ಅದೂ 75 ಡೆಸಿಬೆಲ್ ಮಟ್ಟದಲ್ಲಿ. ಮಕ್ಕಳ ಕೈ ಚಿಕ್ಕದು, ಆಟಿಕೆಯನ್ನು ಕಿವಿಯ ಪಕ್ಕದಲ್ಲೇ ಹಿಡಿಯುತ್ತಾರೆ. ಸ್ಪೀಕರಿನ ತೂತುಗಳ ಮೇಲೆ ಒಂದು ಟೇಪಿನ ತುಂಡು ಅಂಟಿಸಿದರೂ ಸದ್ದು ಸಾಕಷ್ಟು ತಗ್ಗುತ್ತದೆ.

ಐದನೆಯದು: ದಿನದೊಳಗೆ ಹಾಡು

ಇದಕ್ಕೆ ಬೇರೆ ಸಮಯ ಬೇಡ. ಸ್ನಾನ, ಬಟ್ಟೆ ತೊಡುವುದು, ಆಟಿಕೆ ಎತ್ತಿಡುವುದು ಇವಕ್ಕೆಲ್ಲ ಒಂದೊಂದು ಸಾಲಿನ ಹಾಡು ಕಟ್ಟಿ. ಪ್ರಾಸ ಕೂಡಬೇಕಿಲ್ಲ, ಮಗುವಿನ ಹೆಸರು ಬಂದರೆ ಸಾಕು. ಗೊತ್ತಿರುವ ಹಾಡಿನ ಕೊನೆಯ ಪದವನ್ನು ನುಂಗಿ ಸುಮ್ಮನಾಗಿ, ಮಗು ತುಂಬುತ್ತದೆ. ಒಂದೇ ಹಾಡನ್ನು ಹತ್ತು ಸಲ ಕೇಳಿದರೆ ಹತ್ತು ಸಲ ಹಾಡಿ, ಮಗು ಗಟ್ಟಿಮಾಡಿಕೊಳ್ಳುವುದು ಹಾಗೆಯೇ.

ದಿನವಿಡೀ ಹಿನ್ನೆಲೆಯಲ್ಲಿ ಹಾಡು ಹಾಕಿಡುವುದು ಇದಕ್ಕೆ ಬದಲಿಯಲ್ಲ. ಸದಾ ಸುರಿಯುವ ಸದ್ದನ್ನು ಕಿವಿ ಬಹುಬೇಗ ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನೇ ಬಿಡುತ್ತದೆ. ಒಂದು ಹಾಡು ಹಾಕಿ, ಜೊತೆಗೆ ಕುಳಿತು ಕೇಳಿ, ನಿಲ್ಲಿಸಿ. ಮೊಬೈಲಿನ ಪರದೆಯಂತೂ ಬೇಡವೇ ಬೇಡ ಎನ್ನುವವನು ನಾನಲ್ಲ. ಆದರೆ ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ, ಅದಕ್ಕಿಂತ ಚಿಕ್ಕವರಿಗೆ ಇಲ್ಲದಿದ್ದರೇ ಒಳ್ಳೆಯದು ಎಂಬುದು 2019ರ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಆರನೆಯದು: ಬರಹ ಕೊನೆಗೆ

ಸ್ವರಗಳ ಹೆಸರು, ತಾಳದ ಗುರುತು ಇವೆಲ್ಲ ಕಿವಿ ಪಳಗಿದ ಮೇಲೆ. ಐದರ ಹೊತ್ತಿಗೆ ಮಗು ತನ್ನದೇ ಲಿಪಿ ಮಾಡಲಿ: ಜೋರಿಗೆ ದೊಡ್ಡ ಚುಕ್ಕೆ, ಮೆಲ್ಲಗೆಗೆ ಸಣ್ಣ ಚುಕ್ಕೆ, ಎಳೆದ ಸ್ವರಕ್ಕೆ ಉದ್ದ ಗೆರೆ, ಮೌನಕ್ಕೆ ಖಾಲಿ ಜಾಗ. ಬರೆದದ್ದನ್ನು ನೀವು ಬಾರಿಸಿ ತೋರಿಸಿ. ತಪ್ಪಿದರೆ ಮಗು ಬೈಯುತ್ತದೆ, ಬೈಯಿಸಿಕೊಳ್ಳಿ.

ಎಷ್ಟು ಹೊತ್ತು, ಯಾರ ಮುಂದೆ

ಮೂರು ವರ್ಷದ ಮಗುವಿಗೆ ಒಂದು ಸಲಕ್ಕೆ ಐದರಿಂದ ಹತ್ತು ನಿಮಿಷ ಧಾರಾಳ. ಇನ್ನೂ ಬೇಕು ಎನ್ನುವಾಗಲೇ ನಿಲ್ಲಿಸಿದರೆ ನಾಳೆ ಅದೇ ಕರೆಯುತ್ತದೆ. ನೆಂಟರು ಬಂದಾಗ ‘ಒಂದು ಹಾಡು ಹೇಳು’ ಎಂದು ನಡುಮನೆಯಲ್ಲಿ ನಿಲ್ಲಿಸುವ ಚಪಲವನ್ನು ದಯವಿಟ್ಟು ತಡೆದುಕೊಳ್ಳಿ. ಅಷ್ಟು ಆಸೆಯಿದ್ದರೆ ನೀವೇ ಹಾಡಲು ಶುರುಮಾಡಿ. ಮಗುವಿಗೆ ಮನಸ್ಸಿದ್ದರೆ ಸೇರಿಕೊಳ್ಳುತ್ತದೆ.

ಮಗು ತಾನೇ ವಾದ್ಯ ಬೇಕೆಂದು ಕೇಳತೊಡಗಿದಾಗ, ಹಾಡು ಮುಗಿಯುವವರೆಗೆ ತಾಳ ಬಿಡದೆ ಹಿಡಿದಾಗ, ಹೊಸಬರ ಮಾತನ್ನು ಕಾಲು ಗಂಟೆಯಷ್ಟು ಹೊತ್ತು ಗಮನವಿಟ್ಟು ಕೇಳುವಂತಾದಾಗ ಗುರುವನ್ನು ಹುಡುಕಬಹುದು. ಜಪಾನಿನ ಪಿಟೀಲು ಶಿಕ್ಷಕ ಶಿನಿಚಿ ಸುಜುಕಿ ಅವರ ಪದ್ಧತಿಯಲ್ಲಿ ಮಗುವಿಗಿಂತ ಮೊದಲು ತಾಯಿ ಅಥವಾ ತಂದೆ ಪಿಟೀಲಿನ ಮೊದಲ ಪಾಠ ಕಲಿಯುತ್ತಾರೆ. ಅದನ್ನು ನೋಡುತ್ತಾ ಮಗು ‘ನನಗೂ ಕೊಡು’ ಎನ್ನಬೇಕು, ಮುಂದೆ ಮನೆಯಲ್ಲಿ ಅಭ್ಯಾಸಕ್ಕೆ ಜೊತೆಗೂಡಲು ಒಬ್ಬರಿಗಾದರೂ ಗೊತ್ತಿರಬೇಕು ಎಂಬ ಲೆಕ್ಕ. ಯಾವ ಪದ್ಧತಿಯ ಗುರುವಾದರೂ ಸರಿ, ಸೇರಿಸುವ ಮೊದಲು ಒಂದು ತರಗತಿಯಲ್ಲಿ ಹಿಂದೆ ಕುಳಿತು ನೋಡಲು ಅನುಮತಿ ಕೇಳಿ. ಗುರುಗಳು ಎಷ್ಟು ಚೆನ್ನಾಗಿ ಹಾಡುತ್ತಾರೆ ಎಂಬುದನ್ನು ಸದ್ಯಕ್ಕೆ ಬದಿಗಿಡಿ. ಪಾಠ ಶುರುವಾದ ಎಷ್ಟು ಹೊತ್ತಿಗೆ ಮಕ್ಕಳ ಬಾಯಿಂದ ಮೊದಲ ಸ್ವರ ಹೊರಟಿತು, ಅದು ತಪ್ಪಿದಾಗ ಗುರುಗಳ ಮುಖ ಹೇಗಿತ್ತು ಎಂಬುದನ್ನು ನೋಡಿ.