ಹಾಲು ಬಿಟ್ಟ ಮನೆಯ ಸಿಹಿ: ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ

ಬ್ಯಾಂಕ್ ಖಾತೆ, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ, ಡ್ರೈವಿಂಗ್ ಲೈಸೆನ್ಸ್ ಎಲ್ಲವೂ ಹೇಗೋ ಆಗುತ್ತವೆ. ಕೆಲಸ ಕೊಟ್ಟವರೇ ದಾರಿ ತೋರಿಸುತ್ತಾರೆ. ಅಡುಗೆಮನೆಯ ಸಕ್ಕರೆ ಡಬ್ಬಿಯ ವಿಚಾರ ಮಾತ್ರ ಯಾರೂ ಹೇಳುವುದಿಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ 16 ವರ್ಷ ಸಂಸಾರ ಮಾಡಿದ ನಾನು ಹೆಚ್ಚು ಎಡವಿದ್ದು ಅಲ್ಲೇ.

ನನ್ನ ಮಗಳು 12ನೇ ವಯಸ್ಸಿನಲ್ಲಿ ಹಾಲು, ಮೊಸರು, ತುಪ್ಪ, ಜೇನುತುಪ್ಪ ಎಲ್ಲ ಬಿಟ್ಟಳು. ಆ ವರ್ಷದ ಸಂಕ್ರಾಂತಿಗೆ ಊರಿನಿಂದ ತಂದಿದ್ದ ಮರದ ಅಚ್ಚುಗಳನ್ನು ತೆಗೆದು ಸಕ್ಕರೆ ಅಚ್ಚು ಮಾಡಿದೆ. ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಕಾಯಿ ಬೀಜ. ಇದರಲ್ಲಿ ಅವಳು ಬೇಡ ಎನ್ನುವಂಥದ್ದು ಏನಿದೆ ಎಂದುಕೊಂಡಿದ್ದೆ. ಪಾಕದ ಕೊಳೆ ತೆಗೆಯಲು ಎರಡು ಚಮಚ ಹಾಲು ಹಾಕಿದ್ದು ಕೈಗೆ ಬಂದ ಅಭ್ಯಾಸ, ಮನಸ್ಸಿಗೆ ತಟ್ಟಲೇ ಇಲ್ಲ. ಅವಳು ನೋಡಿದ್ದಳು. ಎಳ್ಳನ್ನು ತಿಂದು ಅಚ್ಚನ್ನು ತಟ್ಟೆಯ ಅಂಚಿಗೆ ಸರಿಸಿದಳು. ನಾನು ರೇಗಿದೆ. ಹಬ್ಬದ ದಿನ ಮಗುವಿನ ಮೇಲೆ ರೇಗಿದ ನೋವು ಇನ್ನೂ ಹೋಗಿಲ್ಲ.

ಹಾಲೊಂದೇ ಅಲ್ಲ ಎಂದು ಆಮೇಲೆ ತಿಳಿಯಿತು. ಇಲ್ಲಿ ಕಬ್ಬಿನ ಬಿಳಿ ಸಕ್ಕರೆಯನ್ನು ಕೆಲವು ಕಾರ್ಖಾನೆಗಳು ದನದ ಮೂಳೆಯ ಇದ್ದಿಲಿನ ಮೂಲಕ ಸೋಸುತ್ತವೆ. ಕಂದು ಸಕ್ಕರೆ ಎಂದು ಮಾರುವುದು ಹೆಚ್ಚಾಗಿ ಬಿಳಿ ಸಕ್ಕರೆಗೆ ಕಾಕಂಬಿ ಬೆರೆಸಿದ್ದು, ಬಣ್ಣವನ್ನು ನಂಬಬೇಡಿ. ಸಾವಯವ ಮುದ್ರೆಯ ಸಕ್ಕರೆಗೂ ಬೀಟ್ ಸಕ್ಕರೆಗೂ ಆ ಇದ್ದಿಲು ಬಳಸುವುದಿಲ್ಲ. ನಾನೀಗ ಸಾವಯವ ಸಕ್ಕರೆ ತಂದು, ಪಾಕವನ್ನು ಬಟ್ಟೆಯಲ್ಲಿ ಸೋಸಿ ಅಚ್ಚಿಗೆ ಹೊಯ್ಯುತ್ತೇನೆ. ಅಚ್ಚು ತುಸು ಕೆನೆಬಣ್ಣಕ್ಕೆ ತಿರುಗುತ್ತದೆ. ತಿರುಗಲಿ.

ಬೆಲ್ಲವನ್ನು ಬಿಡಬೇಡಿ. ನಾನು ಬಿಟ್ಟೆ. ‘ನೈಸರ್ಗಿಕ’ ಎಂಬ ಪದಕ್ಕೆ ಮರುಳಾಗಿ, ಕತ್ತಾಳೆ ಜಾತಿಯ ಗಿಡದ ಅಗಾವೆ ಪಾಕವನ್ನು ಯುಗಾದಿಯ ಹೂರಣಕ್ಕೆ ಸುರಿದೆ. ಬೆಲ್ಲ ಆರಿದಂತೆ ಗಟ್ಟಿಯಾಗುತ್ತದೆ, ಆ ಪಾಕ ಆಗುವುದಿಲ್ಲ. ಒಬ್ಬಟ್ಟು ಕಾವಲಿಯ ಮೇಲೆ ಒಡೆದು ಹೂರಣವೆಲ್ಲ ಹರಿಯಿತು. ಭಾರತೀಯ ಅಂಗಡಿ ದೂರವಿದ್ದರೆ ಮೆಕ್ಸಿಕನ್ ಅಂಗಡಿಯಲ್ಲಿ ಪಿಲೋನ್ಸಿಯೊ ಕೇಳಿ. ಶಂಕುವಿನಂತೆ ಎರಕ ಹೊಯ್ದ ಕಬ್ಬಿನ ಬೆಲ್ಲವೇ ಅದು. ಪಾಯಸಕ್ಕೆ ಕಾಯಿಹಾಲು ಸಾಕು, ಬಾದಾಮಿ ಹಾಲು ಓಟ್ಸ್ ಹಾಲು ಎಂದು ಅಲೆಯಬೇಕಿಲ್ಲ. ರಾಗಿ ಗಂಜಿಗೆ ಅರಬ್ ಅಂಗಡಿಯ ಖರ್ಜೂರದ ಪಾಕ ಚೆನ್ನಾಗಿ ಹೊಂದುತ್ತದೆ.

ಆದರೆ ಗಿಡದಿಂದ ಬಂದದ್ದೆಂದು ಅಳತೆ ಮರೆಯಬೇಡಿ. ನಾನು ಮರೆತೆ, ಅದರ ಫಲ ನನ್ನ ಯಜಮಾನರ ರಕ್ತಪರೀಕ್ಷೆಯಲ್ಲಿ ಕಂಡಿತು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದಂತೆ ಬೆರೆಸಿ ತಿನ್ನುವ ಸಕ್ಕರೆ ದಿನಕ್ಕೆ ಸುಮಾರು 25 ಗ್ರಾಂ, ಅಂದರೆ ಆರು ಟೀ ಚಮಚದೊಳಗಿದ್ದರೆ ಒಳ್ಳೆಯದು. ಪಾಕಗಳೂ ಆ ಲೆಕ್ಕದಲ್ಲೇ ಬರುತ್ತವೆ. ಬೆಲ್ಲಕ್ಕೂ ವಿನಾಯಿತಿ ಇಲ್ಲ. ವಾರ್ಷಿಕ ತಪಾಸಣೆಯಲ್ಲಿ ಹಿಂದಿನ ಎರಡು-ಮೂರು ತಿಂಗಳ ಸರಾಸರಿ ರಕ್ತದ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನು ನೀವಾಗಿಯೇ ಕೇಳಿ.

ಮೇಪಲ್ ಪಾಕ ಕೊಳ್ಳುವಾಗ ಪದಾರ್ಥಗಳ ಸಾಲಿನಲ್ಲಿ ಮೇಪಲ್ ಒಂದೇ ಇರಲಿ. ಪ್ಯಾನ್‌ಕೇಕ್ ಸಿರಪ್ ಎಂಬುದು ಸಾಮಾನ್ಯವಾಗಿ ಬಣ್ಣ ಕಟ್ಟಿದ ಮುಸುಕಿನ ಜೋಳದ ಪಾಕ. ಸಾಧ್ಯವಾದರೆ ಮಾರ್ಚ್‌ನಲ್ಲಿ ಮಕ್ಕಳನ್ನು ಅದು ಕುದಿಯುವ ಮನೆಗೇ ಕರೆದೊಯ್ಯಿರಿ. ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ಆ ದಿನಗಳಲ್ಲಿ ಮರದ ರಸ ಇಳಿಯುತ್ತದೆ. ಸುಮಾರು 40 ಲೀಟರ್ ರಸ ಕುದಿದು ಒಂದು ಲೀಟರ್ ಪಾಕವಾಗುತ್ತದೆ. ಹಿಂದೆ ನೊರೆ ಇಳಿಸಲು ಬೆಣ್ಣೆ ಹಾಕುತ್ತಿದ್ದರು. ಈಗಲೂ ಹಾಕುತ್ತಾರೆಯೇ ಎಂದು ಅಲ್ಲೇ ಕೇಳಬಹುದು. ನನ್ನ ಮಗಳೇ ಕೇಳಿದಳು.

ಆ ಹಬೆಯಲ್ಲಿ ನಿಂತಾಗ ನನಗೆ ಮಂಡ್ಯದ ಹತ್ತಿರ ಅಪ್ಪ ನಡೆಸುತ್ತಿದ್ದ ಆಲೆಮನೆ ಕಣ್ಣಿಗೆ ಕಟ್ಟಿತು. ಗಾಣ, ಕೊಪ್ಪರಿಗೆ, ಕೊಳೆ ತೆಗೆಯಲು ಹಾಕುವ ಬೆಂಡೆ ಗಿಡದ ಲೋಳೆ, ಲೋಟ ತುಂಬ ಕೊಡುತ್ತಿದ್ದ ಕಬ್ಬಿನ ಹಾಲು, ಎಲ್ಲವನ್ನೂ ಅವಳಿಗೆ ಹೇಳಿದೆ.

“ಕಬ್ಬಿನ ಹಾಲನ್ನು ನಾನು ಕುಡಿಯಬಹುದಲ್ಲವೇ ಅಮ್ಮಾ?” ಎಂದಳು.

ಕುಡಿಯಬಹುದು ಎಂದೆ. ಅಜ್ಜನ ಆಲೆಮನೆ ಮುಚ್ಚಿ ವರ್ಷಗಳೇ ಆಗಿವೆ ಎಂದು ಆಗ ಹೇಳಲಾಗಲಿಲ್ಲ.