ಎಸ್‌ಎಸ್‌ಡಿ ಹಾಕಿದ ಮೇಲೂ ಲಿನಕ್ಸ್ ಹಳೆ ಡಿಸ್ಕಿನಿಂದಲೇ ಬೂಟ್ ಆಗುತ್ತಿದೆಯಾ?

ಹಳೆ ಹಾರ್ಡ್‌ಡಿಸ್ಕನ್ನು ಹೊಸ ಎಸ್‌ಎಸ್‌ಡಿಗೆ ಕ್ಲೋನ್ (ಇದ್ದದ್ದು ಇದ್ದ ಹಾಗೇ ನಕಲು) ಮಾಡಿದ್ದೀರಿ. ಎರಡೂ ಕಂಪ್ಯೂಟರಿನೊಳಗೇ ಇವೆ. ಉಬುಂಟು ಲಿನಕ್ಸ್ ಬರುತ್ತದೆ, ವೇಗ ಮಾತ್ರ ಮೊದಲಿನಷ್ಟೇ. ಸುಮ್ನೆ ಎಸ್‌ಎಸ್‌ಡಿಯನ್ನು ದೂರಬೇಡಿ. ಯಾವ ಡಿಸ್ಕ್ ಓಡುತ್ತಿದೆ ಎಂದು ಮೊದಲು ನೋಡಿ.

ಟರ್ಮಿನಲ್‌ನಲ್ಲಿ 'ಎಲ್‌ಎಸ್‌ಬಿಎಲ್‌ಕೆ' ಕಮಾಂಡ್ ಕೊಡಿ. ಕೊನೆಯ ಕಾಲಂನಲ್ಲಿ ಬರೀ '/' ಗುರುತು ಯಾವ ಪಾರ್ಟಿಷನ್ (ಡಿಸ್ಕಿನ ಭಾಗ) ಎದುರಿಗಿದೆಯೋ ಸಿಸ್ಟಂ ಅಲ್ಲಿಂದ ಓಡುತ್ತಿದೆ. ಲಿನಕ್ಸ್ ಡಿಸ್ಕುಗಳಿಗೆ ಕೊಡುವ ಎಸ್‌ಡಿಎ, ಎಸ್‌ಡಿಬಿ ಹೆಸರುಗಳನ್ನು ನಂಬಬೇಡಿ, ಅವು ಮುಂದಿನ ಬೂಟ್‌ನಲ್ಲಿ ಅದಲುಬದಲಾಗಬಹುದು. ಗಾತ್ರ ನೋಡಿ ಗುರುತಿಸಿ. ಎರಡೂ ಒಂದೇ ಗಾತ್ರವಾದರೆ ಡಿಸ್ಕ್ಸ್ ಆ್ಯಪ್‌ನಲ್ಲಿ ಮಾಡೆಲ್ ಹೆಸರು ಸಿಗುತ್ತದೆ.

ಹಳೆಯದೇ ಓಡುತ್ತಿದ್ದರೆ ರೀಸ್ಟಾರ್ಟ್ ಮಾಡಿ ಬಯಾಸ್‌ಗೆ (ಲಿನಕ್ಸ್ ಶುರುವಾಗುವ ಮುಂಚಿನ ಸೆಟ್ಟಿಂಗ್ಸ್ ಪರದೆಗೆ) ಹೋಗಿ. ಸಾಮಾನ್ಯವಾಗಿ ಎಫ್2 ಅಥವಾ ಡಿಲೀಟ್ ಕೀ. ಬೂಟ್ ಆರ್ಡರ್‌ನಲ್ಲಿ ಎಸ್‌ಎಸ್‌ಡಿಯನ್ನು ಮೇಲಕ್ಕೆ ತನ್ನಿ. ಎಷ್ಟೋ ಸಲ ಇಷ್ಟೇ ಸಾಕು.

ಆದರೂ ಹಳೆ ಡಿಸ್ಕೇ ಬಂದರೆ ಕಾರಣ ಕ್ಲೋನ್‌ನಲ್ಲೇ ಇರಬಹುದು. ಪ್ರತಿ ಪಾರ್ಟಿಷನ್ನಿಗೂ ಯುಯುಐಡಿ ಎಂಬ ಉದ್ದನೆಯ ಗುರುತು ಇರುತ್ತದೆ. ಬೂಟ್ ಶುರುಮಾಡುವ ಗ್ರಬ್ ಎಂಬ ಬೂಟ್‌ಲೋಡರ್ ಹುಡುಕುವುದೂ ಲಿನಕ್ಸಿನ ತಿರುಳಾದ ಕರ್ನಲ್ ಮೌಂಟ್ ಮಾಡುವುದೂ (ಬಳಕೆಗೆ ಜೋಡಿಸಿಕೊಳ್ಳುವುದೂ) ಅದನ್ನು ನೋಡಿಯೇ. ಪೂರ್ತಿ ಡಿಸ್ಕ್ ಕ್ಲೋನ್ ಮಾಡಿದಾಗ ಅದೂ ನಕಲಾಗುತ್ತದೆ. ಇಬ್ಬರಿಗೆ ಒಂದೇ ಆಧಾರ್ ನಂಬರ್ ಕೊಟ್ಟ ಹಾಗೆ. ಯಾವುದು ಮೊದಲು ಸಿಕ್ಕಿತೋ ಅದೇ ಓಡುತ್ತದೆ. 'ಎಲ್‌ಎಸ್‌ಬಿಎಲ್‌ಕೆ' ಜೊತೆ 'ಹೈಫನ್ ಎಫ್' ಸೇರಿಸಿ ಕೊಟ್ಟರೆ ಎರಡೂ ಕಡೆ ಒಂದೇ ಯುಯುಐಡಿ ಇರುವುದು ಕಣ್ಣಿಗೇ ಕಾಣುತ್ತದೆ.

ಈಗ ಶಟ್‌ಡೌನ್ ಮಾಡಿ, ಪ್ಲಗ್ ತೆಗೆದು ಹಳೆ ಡಿಸ್ಕಿನ ಸಾಟಾ ಕೇಬಲ್ ಕಳಚಿ, ಆಮೇಲೆ ಆನ್ ಮಾಡಿ. ಈ ಪರೀಕ್ಷೆಯನ್ನು ದಯವಿಟ್ಟು ತಪ್ಪಿಸಬೇಡಿ. ಬೂಟ್ ಆದರೆ ಎಸ್‌ಎಸ್‌ಡಿ ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ ಎಂದು ಖಾತ್ರಿ. ಆಗದಿದ್ದರೆ ಬಹುಶಃ ಅದರಲ್ಲಿ ಬೂಟ್‌ಲೋಡರ್ ಸರಿಯಾಗಿ ಕೂತಿಲ್ಲ, ಲೈವ್ ಯುಎಸ್‌ಬಿಯಿಂದ (ಉಬುಂಟುವನ್ನು ನೇರವಾಗಿ ಓಡಿಸುವ ಪೆನ್‌ಡ್ರೈವ್) ಗ್ರಬ್ ಮತ್ತೆ ಹಾಕಬೇಕು.

ಎಸ್‌ಎಸ್‌ಡಿ ಪಾಸಾದರೆ ಪವರ್ ಆಫ್ ಮಾಡಿ ಹಳೆ ಡಿಸ್ಕನ್ನು ಮತ್ತೆ ಜೋಡಿಸಿ, ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ. ಬದಲಾಯಿಸಬೇಕಾದ್ದು ಹಳೆ ಡಿಸ್ಕಿನ ಯುಯುಐಡಿ. ಎಸ್‌ಎಸ್‌ಡಿಯದನ್ನು ಮುಟ್ಟಿದರೆ ಯಾವ ಪಾರ್ಟಿಷನ್ ಎಲ್ಲಿ ಮೌಂಟ್ ಆಗಬೇಕೆಂದು ಹೇಳುವ ಅದರ ಎಫ್‌ಎಸ್‌ಟ್ಯಾಬ್ ಫೈಲು, ಗ್ರಬ್ ಎರಡನ್ನೂ ತಿದ್ದಬೇಕಾಗುತ್ತದೆ, ಕೆಲಸ ಜಾಸ್ತಿ ಅಲ್ವಾ? ಇಎಕ್ಸ್‌ಟಿ4 (ಉಬುಂಟುವಿನ ಸಾಮಾನ್ಯ ಫೈಲ್‌ಸಿಸ್ಟಂ) ಪಾರ್ಟಿಷನ್ ಆದರೆ ಮೊದಲು 'ಇ2ಎಫ್‌ಎಸ್‌ಸಿಕೆ ಹೈಫನ್ ಎಫ್'ನಿಂದ ಚೆಕ್ ಮಾಡಿ, ಆಮೇಲೆ 'ಟ್ಯೂನ್2ಎಫ್‌ಎಸ್'ಗೆ 'ಹೈಫನ್ ದೊಡ್ಡ ಯು' ಮತ್ತು 'ರ್‍ಯಾಂಡಮ್' ಎಂದು ಕೊಡಿ. ಡಿಸ್ಕಿನ ಪಾರ್ಟಿಷನ್ ಟೇಬಲ್ (ಪಾರ್ಟಿಷನ್‌ಗಳ ಪಟ್ಟಿ) ಜಿಪಿಟಿ ಮಾದರಿಯದಾದರೆ 'ಎಸ್‌ಜಿಡಿಸ್ಕ್ ಹೈಫನ್ ದೊಡ್ಡ ಜಿ' ಕೂಡ ಬೇಕು, ಏಕೆಂದರೆ ಯುಇಎಫ್‌ಐ (ಬಯಾಸ್‌ನ ಹೊಸ ರೂಪ) ನೋಡುವುದು ಪಾರ್ಟಿಷನ್ ಟೇಬಲ್‌ನ ಗುರುತನ್ನು. ಎಂಟರ್ ಒತ್ತುವ ಮುಂಚೆ ಡಿಸ್ಕಿನ ಗಾತ್ರ ಇನ್ನೊಮ್ಮೆ ನೋಡಿಕೊಳ್ಳಿ.

ಯುಎಸ್‌ಬಿ ತೆಗೆದು ರೀಸ್ಟಾರ್ಟ್ ಮಾಡಿ, 'ಎಲ್‌ಎಸ್‌ಬಿಎಲ್‌ಕೆ' ಕೊಡಿ. '/' ಗುರುತು ಎಸ್‌ಎಸ್‌ಡಿ ಕಡೆ ಬಂದಿರಬೇಕು. ಹಳೆ ಡಿಸ್ಕನ್ನು ಕೆಲವು ವಾರ ಫಾರ್ಮ್ಯಾಟ್ ಮಾಡದೆ ಹಾಗೇ ಇಡಿ.