ಇಲ್ಲಿ ಯಾರಾದ್ರೂ ಬರ್ತಾರಾ?

ನನ್ನದು ಆಡಿಟ್ ಕೆಲಸ. ಸಹಕಾರ ಸಂಘ, ಬ್ಯಾಂಕ್ ಶಾಖೆ ಅಂತ ಊರೂರು ಸುತ್ತಬೇಕು. ತಿಂಡಿ, ಊಟ ಎಲ್ಲ ಹೋಟೆಲಿನಲ್ಲೇ, ಅದೂ ಒಬ್ಬಳೇ. ಹೆಂಗಸು ಒಬ್ಬಳೇ ಒಳಗೆ ಬಂದರೆ ಸಪ್ಲೈಯರ್ ಕೈ ತಾನಾಗಿ ‘ಫ್ಯಾಮಿಲಿ’ ಕಡೆ ತೋರಿಸುತ್ತದೆ. ಪ್ಲೈವುಡ್ಡೋ ಪರದೆಯೋ ಅಡ್ಡ ಇರುವ, ಗಾಳಿ ಸರಿಯಾಗಿ ಆಡದ ಜಾಗ. ಅಲ್ಲಿ ಕೂತರೆ ಯಾರ ಕಣ್ಣಿಗೂ ಬೀಳುವುದಿಲ್ಲ, ಎರಡನೇ ಸಲ ಚಟ್ನಿ ಬೇಕಾದರೆ ಎದ್ದು ಬಂದೇ ಕರೆಯಬೇಕು. ಅವರು ಮರ್ಯಾದೆಯಿಂದಲೇ ಹಾಗೆ ಮಾಡುತ್ತಾರೆ, ಗೊತ್ತು. ಆದರೂ ನಾನು ಹೊರಗೆ, ಜನ ಕೂತಿರುವ ಟೇಬಲ್ಲಿನಲ್ಲೇ ಒಂದು ಕುರ್ಚಿ ಕೇಳುತ್ತೇನೆ. ಒಬ್ಬರೇ ತಿನ್ನುವವರಿಗೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ.

ಮೊದಲ ಲಾಭ ಅಂದರೆ ಬೇಗ ಜಾಗ ಸಿಗುತ್ತದೆ. ಲಾಲ್‌ಬಾಗ್ ರಸ್ತೆಯ ಎಂಟಿಆರ್ 1924ರದು, ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದು. ಭಾನುವಾರ ಬೆಳಿಗ್ಗೆ ಈ ಎರಡೂ ಕಡೆ ಹೆಸರು ಬರೆಸಿ ಕಾಯಬೇಕು. ಗುಂಪಿನಲ್ಲಿ ಬಂದವರು ಒಟ್ಟಿಗೇ ಕೂರಬೇಕು ಅಂತ ಇಡೀ ಟೇಬಲ್ ಖಾಲಿಯಾಗುವ ತನಕ ನಿಂತಿರುತ್ತಾರೆ. ನಾನು ಹೆಸರು ಬರೆಸುವಾಗಲೇ ‘ಒಬ್ಬಳೇ, ಎಲ್ಲಿ ಕೂರಿಸಿದರೂ ಸರಿ’ ಅಂದುಬಿಡುತ್ತೇನೆ. ಮೂರು ಜನ ಕೂತ ಕಡೆ ನಾಲ್ಕನೇ ಕುರ್ಚಿ ಖಾಲಿ ಇದ್ದರೆ ಕರೆ ನನಗೇ ಬರುತ್ತದೆ.

ಹೆಸರು ಬರೆಸುವ ಪದ್ಧತಿ ಇಲ್ಲದ ಕಡೆ ನಾವೇ ಟೇಬಲ್ ಆರಿಸಬೇಕು. ನಾನು ಮುಖ ನೋಡುವುದಿಲ್ಲ, ತಟ್ಟೆ ನೋಡುತ್ತೇನೆ. ದೋಸೆ ಅರ್ಧ ಮುಗಿಸಿದವರು ನೆಮ್ಮದಿಯಾಗಿರುತ್ತಾರೆ. ಬರೀ ನೀರಿನ ಲೋಟ ಮುಂದಿಟ್ಟುಕೊಂಡು ಬಾಗಿಲ ಕಡೆ ನೋಡುತ್ತಿರುವವರು ಯಾರಿಗೋ ಕಾಯುತ್ತಿರುತ್ತಾರೆ, ಅವರ ಹತ್ತಿರ ಹೋಗುವುದಿಲ್ಲ. ಪುಟ್ಟ ಮಗುವಿಗೆ ತಿನ್ನಿಸುತ್ತಿರುವವರ ಟೇಬಲ್ಲೂ ಬೇಡ, ಅವರಿಗೆ ಜಾಗ ಬೇಕು. ಕೂರುವ ಮುಂಚೆ ಸಪ್ಲೈಯರನ್ನಲ್ಲ, ಕೂತವರನ್ನೇ ಕೇಳಬೇಕು. ‘ಇಲ್ಲಿ ಯಾರಾದ್ರೂ ಬರ್ತಾರಾ ಸಾರ್?’ ಅಂದರೆ ಸಾಕು. ‘ಇಲ್ಲ ಇಲ್ಲ, ಕೂತ್ಕೊಳ್ಳಿ’ ಅನ್ನುತ್ತಾ ತಮ್ಮ ತಟ್ಟೆಯನ್ನು ಸ್ವಲ್ಪ ಈಚೆಗೆ ಎಳೆದುಕೊಳ್ಳುತ್ತಾರೆ. ಆ ಒಂದು ಮಾತಿನಿಂದ ಅರ್ಧ ಮುಜುಗರ ಹೋಗುತ್ತದೆ.

ನೇರ ಎದುರಿನ ಕುರ್ಚಿಗಿಂತ ಓರೆಯಾಗಿರುವ ಕುರ್ಚಿ ಒಳ್ಳೆಯದು. ತಲೆ ಎತ್ತಿದಾಗಲೆಲ್ಲ ಕಣ್ಣಿಗೆ ಕಣ್ಣು ಸಿಗುವುದಿಲ್ಲ. ಬ್ಯಾಗ್ ಪಕ್ಕದ ಕುರ್ಚಿಯಲ್ಲಿ ಇಡಬೇಡಿ, ಮಡಿಲಲ್ಲೋ ಕಾಲ ಬಳಿಯೋ ಇರಲಿ. ಆರ್ಡರ್ ಕೊಡುವಾಗಲೇ ‘ನಂದು ಬೇರೆ ಬಿಲ್’ ಅನ್ನಿ. ಇಲ್ಲದಿದ್ದರೆ ಕೊನೆಗೆ ಸಪ್ಲೈಯರ್ ‘ಒಟ್ಟಿಗಾ, ಬೇರೆ ಬೇರೆನಾ?’ ಅಂತ ಕೇಳುತ್ತಾನೆ, ಎದುರಿನವರು ಸಂಕೋಚಕ್ಕೆ ಬಿದ್ದು ತಾವೇ ಕೊಡಲು ಹೋಗುತ್ತಾರೆ. ಆ ಎಳೆದಾಟ ಯಾರಿಗೂ ಬೇಡ.

ನನಗೆ ತುಂಬಾ ಇಷ್ಟ ಹುಬ್ಬಳ್ಳಿ, ಧಾರವಾಡ, ಗದಗ ಕಡೆಯ ಖಾನಾವಳಿಗಳು. ಅಲ್ಲಿ ಟೇಬಲ್ ಹಂಚಿಕೊಳ್ಳುವುದು ದೊಡ್ಡ ವಿಷಯವೇ ಅಲ್ಲ. ಬಾಗಿಲಲ್ಲಿ ನಿಂತರೆ ಸಾಕು, ಊಟ ಮಾಡುತ್ತಿರುವವರೇ ‘ಬರ್ರಿ ಅಕ್ಕಾರ, ಕುಂದರ್ರಿ’ ಅಂತ ಸರಿಯುತ್ತಾರೆ. ಟೇಬಲ್ ಮಧ್ಯೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ (ಹಿಂಡಿ ಅಂದರೆ ಆ ಕಡೆ ಚಟ್ನಿಪುಡಿ), ಹೆಚ್ಚಿದ ಉಳ್ಳಾಗಡ್ಡಿ ಇಟ್ಟಿರುತ್ತಾರೆ. ಅದು ಟೇಬಲ್ಲಿಗೆಲ್ಲ ಸೇರಿದ್ದು. ಒಬ್ಬರಿಂದ ಒಬ್ಬರಿಗೆ ದಾಟುತ್ತಲೇ ಇರಬೇಕು. ಬಲಗೈಗೆ ರೊಟ್ಟಿ, ಎಣಗಾಯಿ ಪಲ್ಯ ಮೆತ್ತಿರುತ್ತದೆ, ಅದು ಎಂಜಲು ಕೈ. ಹಾಗಾಗಿ ಬಟ್ಟಲನ್ನು ಎಡಗೈಯಲ್ಲಿ ಎತ್ತಬೇಕು. ಎಡಗೈಯಲ್ಲಿ ಕೊಡುವುದು ನಮ್ಮಲ್ಲಿ ಮರ್ಯಾದೆ ಅಲ್ಲವಲ್ಲ, ಅದಕ್ಕೆ ಬಲಗೈಯ ಮಣಿಕಟ್ಟನ್ನು ಎಡಗೈಗೆ ತಾಗಿಸಿ ಕೊಡುತ್ತಾರೆ. ಹಿರಿಯರೊಬ್ಬರು ಹಾಗೆ ಕೊಟ್ಟದ್ದನ್ನು ನೋಡಿ ನಾನು ಕಲಿತೆ. ಹಿಂಡಿ ಹಾಕಿಕೊಳ್ಳುವಾಗ ಚಮಚ ನಮ್ಮ ತಟ್ಟೆಗೆ ತಾಗಬಾರದು, ಮೇಲಿಂದಲೇ ಉದುರಿಸಬೇಕು. ನೀರಿನ ಜಗ್ ಎತ್ತಿದರೆ ಪಕ್ಕದವರ ಲೋಟಕ್ಕೂ ಹಾಕಬೇಕು. ಇಷ್ಟು ಮಾಡಿದರೆ ನೀವು ಹೊರಗಿನವರು ಅಂತ ಯಾರಿಗೂ ಅನ್ನಿಸುವುದಿಲ್ಲ.

ಮಾತಾಡಬೇಕಾ ಬೇಡವಾ? ಅದು ಎದುರಿನವರ ಮೇಲೆ. ಪೇಪರ್ ಬಿಡಿಸಿಟ್ಟುಕೊಂಡವರನ್ನು ಸುಮ್ನೆ ಬಿಟ್ಟುಬಿಡುತ್ತೇನೆ. ಮಾತು ಶುರುವಾಗುವುದಾದರೆ ತಿಂಡಿಯಿಂದಲೇ ಶುರುವಾಗುತ್ತದೆ. ‘ಇಲ್ಲಿ ಏನು ಚೆನ್ನಾಗಿರುತ್ತೆ?’ ಅಂತ ಕೇಳಿದರೆ ಮುಖ ಅರಳದವರನ್ನು ನಾನು ನೋಡಿಲ್ಲ. ದಾವಣಗೆರೆಯಲ್ಲಿ ಹೀಗೆ ಕೇಳಿದ್ದಕ್ಕೆ, ಬೆಣ್ಣೆ ದೋಸೆಗೆ ಆಲೂಗಡ್ಡೆ ಪಲ್ಯ ಒಳಗೆ ಹಾಕಿಸಬೇಡಿ, ಪಕ್ಕಕ್ಕೆ ಹಾಕಿಸಿಕೊಂಡು ತಿನ್ನಿ ಅಂತ ಪಕ್ಕದವರು ಹೇಳಿಕೊಟ್ಟರು. ಆಮೇಲೆ ಯಾವೂರು, ಏನು ಕೆಲಸ ಅಂತ ಬರುತ್ತದೆ. ಅಲ್ಲಿಯವರೆಗೆ ಖುಷಿಯಿಂದ ಹೇಳುತ್ತೇನೆ. ಕೆಲವರು ಅಲ್ಲಿಗೆ ನಿಲ್ಲಿಸುವುದಿಲ್ಲ. ‘ನಿಮ್ಮ ಪೈಕಿ ಯಾವುದು?’ ಅನ್ನುತ್ತಾರೆ. ‘ಅದು ಬೇಡ ಬಿಡಿ ಸಾರ್’ ಅಂತ ನೇರವಾಗಿಯೇ ಹೇಳುತ್ತೇನೆ. ಜಾತಿ ತಿಳಿದುಕೊಂಡು ಪಕ್ಕದಲ್ಲಿ ಕೂರುವುದಾದರೆ ಈ ಟೇಬಲ್ ಹಂಚಿಕೊಳ್ಳುವುದಕ್ಕೆ ಅರ್ಥವೇ ಇಲ್ಲ.

ಇದನ್ನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ಇದೆ. ಹೆದ್ದಾರಿ ಪಕ್ಕದ ಒಂದು ಊರಿನ ಹೋಟೆಲಿನಲ್ಲಿ ತಿಂಡಿ ತಿನ್ನುತ್ತಿದ್ದೆ. ಗಾರೆ ಕೆಲಸದ ಹಿರಿಯರೊಬ್ಬರು ಬಂದು ನನ್ನ ಎದುರಿನ ಕುರ್ಚಿಗೆ ಕೈ ಹಾಕಿದರು. ಸಪ್ಲೈಯರ್ ದೂರದಿಂದಲೇ ‘ಏಯ್, ಮೇಡಂ ಕೂತಿದಾರೆ, ಆ ಕಡೆ ಹೋಗು’ ಅಂದ. ಅವರು ಮಾತಾಡದೆ ಕೈ ತೆಗೆದರು. ನನಗೆ ಹೊಟ್ಟೆ ಉರಿಯಿತು. ‘ಬನ್ನಿ ಯಜಮಾನ್ರೆ, ಇಲ್ಲೇ ಕೂತ್ಕೊಳ್ಳಿ’ ಅಂದೆ. ಸಪ್ಲೈಯರಿಗೂ ಕೇಳುವ ಹಾಗೆ ಅಂದೆ. ಅವರು ಕುರ್ಚಿಯ ತುದಿಯಲ್ಲಿ ಕೂತರು. ಮೊಣಕೈ ತನಕ ತೊಳೆದು ಬಂದಿದ್ದರು, ಉಗುರಿನ ಅಂಚಲ್ಲಿ ಮಾತ್ರ ಸಿಮೆಂಟ್ ಉಳಿದಿತ್ತು. ಇಡ್ಲಿ ಬಂದ ಮೇಲೆ ಸ್ವಲ್ಪ ಹಿಂದಕ್ಕೆ ಸರಿದು ಸರಿಯಾಗಿ ಕೂತರು. ಆಗ ನಮ್ಮ ಮನೆಯ ಮಹಡಿ ಕೆಲಸ ನಡೆಯುತ್ತಿತ್ತು, ಪ್ಲಾಸ್ಟರ್ ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಅವರನ್ನೇ ಕೇಳಿದೆ. ‘ನೀರು ಎಷ್ಟು ದಿನ ಹೊಡೆದ್ರಿ?’ ಅಂದರು. ‘ಎರಡು ದಿನ ಅನ್ಸುತ್ತೆ’ ಅಂದೆ. ‘ಒಂದು ವಾರನಾದ್ರೂ ಹೊಡೀಬೇಕಮ್ಮ. ಬಿಸಿಲಿದ್ರೆ ಬೆಳಿಗ್ಗೆ ಸಾಯಂಕಾಲ ಎರಡು ಹೊತ್ತೂ. ಗೋಡೆ ಒಣಗೋಕೆ ಬಿಡಬಾರ್ದು’ ಅಂದರು. ಮೇಸ್ತ್ರಿಗೆ ಕೇಳಿದಾಗ ಇಷ್ಟು ಬಿಡಿಸಿ ಹೇಳಿರಲಿಲ್ಲ. ಉಳಿದ ಗೋಡೆಗಳಿಗೆ ಹಾಗೇ ಮಾಡಿಸಿದೆ.

ಒಂದು ಕಾಲಕ್ಕೆ ನಮ್ಮ ಹೋಟೆಲುಗಳಲ್ಲಿ ಜಾತಿ ನೋಡಿ ಬೇರೆ ಬೇರೆ ಕೂರಿಸುತ್ತಿದ್ದರು. ಕೆಲವರಿಗೆ ಒಳಗೆ ಬಿಡುತ್ತಲೇ ಇರಲಿಲ್ಲ, ಬೇರೆ ಲೋಟ ಇಡುತ್ತಿದ್ದರು. ಕೆಲವು ಹಳ್ಳಿಗಳಲ್ಲಿ ಅದು ಇನ್ನೂ ಹೋಗಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆ ಅಂತ ಒಂದೊಂದನ್ನೂ ಹೆಸರಿಸಿ, ಜಾತಿ, ಧರ್ಮ ಅಥವಾ ಹೆಣ್ಣು ಗಂಡು ಅನ್ನುವ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ ಅನ್ನುತ್ತದೆ. ಅಸ್ಪೃಶ್ಯತೆಯ ಕಾರಣಕ್ಕೆ ಹೋಟೆಲಿನ ತಟ್ಟೆ, ಲೋಟ ಬಳಸಲು ಬಿಡದಿರುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಆ ಹಿರಿಯರ ಕುರ್ಚಿ, ನನ್ನ ಕುರ್ಚಿ ಎರಡೂ ಆ 15ನೇ ವಿಧಿಯಲ್ಲೇ ಇವೆ.

ಎಲ್ಲರೂ ಒಳ್ಳೆಯವರೇ ಸಿಗುತ್ತಾರೆ ಅಂತ ನಾನು ಹೇಳುವುದಿಲ್ಲ. ಯಾವ ಲಾಡ್ಜ್‌ನಲ್ಲಿ ಇಳಿದಿದ್ದೀರಿ ಅಂತ ಕೆದಕುವವರು, ಕಾಲು ಚಾಚಿ ತಾಗಿಸುವವರು ಸಿಕ್ಕಿದ್ದಾರೆ. ಆಗ ದಾಕ್ಷಿಣ್ಯ ಬೇಡ. ಎದ್ದು, ತಟ್ಟೆ ಎತ್ತಿಕೊಂಡು, ‘ನಾನು ಆ ಕಡೆ ಕೂರ್ತೀನಿ’ ಅಂತ ಸಪ್ಲೈಯರಿಗೆ ಜೋರಾಗಿ ಹೇಳುತ್ತೇನೆ. ತುಂಬಿದ ಹೋಟೆಲಿನಲ್ಲಿ ಎಲ್ಲರ ಎದುರು ಕೂತಿದ್ದರ ಬಲ ಅಲ್ಲಿ ಗೊತ್ತಾಗುತ್ತದೆ. ಪ್ಲೈವುಡ್ ಹಿಂದೆ ಆ ಬಲ ಇಲ್ಲ.

ಹೊಸದಾಗಿ ಶುರು ಮಾಡುವವರು, ಅದರಲ್ಲೂ ಹೆಣ್ಣುಮಕ್ಕಳು, ಬೆಂಗಳೂರಿನ ಯಾವುದಾದರೂ ದರ್ಶಿನಿಯಿಂದ ಶುರು ಮಾಡಿ. ಅಲ್ಲಿ ಕುರ್ಚಿಯೇ ಇರುವುದಿಲ್ಲ, ಎತ್ತರದ ಟೇಬಲ್ ಸುತ್ತ ಎಲ್ಲರೂ ನಿಂತೇ ತಿನ್ನುತ್ತಾರೆ, ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಆಮೇಲೆ ಕೂತು ತಿನ್ನುವ ಹೋಟೆಲಿಗೆ ಹೋಗಿ, ಬೆಳಗಿನ ತಿಂಡಿ ಹೊತ್ತಿಗೆ. ಆಗ ಜನ ಜಾಸ್ತಿ, ಎಲ್ಲರಿಗೂ ಕೆಲಸಕ್ಕೆ ಹೋಗುವ ಅವಸರ. ಮಧ್ಯಾಹ್ನದ ಊಟ ಅದಕ್ಕಿಂತ ನಿಧಾನ, ಮಾತು ಜಾಸ್ತಿ, ಅದು ರೂಢಿಯಾದ ಮೇಲೆ. ರಾತ್ರಿ ಊಟಕ್ಕೆ ಮಾತ್ರ ನಾನು ಬಸ್ ಸ್ಟ್ಯಾಂಡ್ ಹತ್ತಿರದ, ಗಲ್ಲಾ ಬಾಗಿಲಿಗೇ ಇರುವ ಹೋಟೆಲನ್ನೇ ಆರಿಸಿಕೊಳ್ಳುತ್ತೇನೆ, ಗಲ್ಲಾದವರಿಗೆ ಕಾಣುವ ಟೇಬಲ್ಲಿನಲ್ಲಿ ಕೂರುತ್ತೇನೆ.